ಯಾವಾಗ ನಗುತ್ತೆ, ಯಾವಾಗ ನಡೆಯುತ್ತೆ? ಎಳೆ ಮಕ್ಕಳ ತಾಯಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಇಬ್ಬರು ಮಕ್ಕಳು. ಮಗಳಿಗೆ ಈಗ 7 ವರ್ಷ, ಮಗನಿಗೆ 3. ಹೊಸದಾಗಿ ತಾಯಿಯಾದ ಗೆಳತಿಯರು ನನ್ನನ್ನು ಕೇಳುವ ಪ್ರಶ್ನೆಗಳು ಇಲ್ಲಿವೆ. ಅವುಗಳಲ್ಲಿ ಬಹುಪಾಲು, ನಡುರಾತ್ರಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೋಣೆಯಲ್ಲಿ ಓಡಾಡುತ್ತಾ ನನ್ನನ್ನು ನಾನೇ ಕೇಳಿಕೊಂಡಿದ್ದವು. ನಾನು ವೈದ್ಯೆಯಲ್ಲ. ಮಕ್ಕಳ ವೈದ್ಯರು ಹೇಳಿಕೊಟ್ಟದ್ದು, ಓದಿ ಖಚಿತಪಡಿಸಿಕೊಂಡದ್ದು, ಕಣ್ಣಾರೆ ಕಂಡದ್ದು, ಇಷ್ಟನ್ನೇ ಬರೆದಿದ್ದೇನೆ. ನಿಮ್ಮ ಮಗುವಿನ ಬಗ್ಗೆ ಮನಸ್ಸಿನಲ್ಲಿ ಅಳುಕಿದ್ದರೆ ಇದನ್ನು ಓದಿ ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ.

ಪಕ್ಕದ ಮನೆಯ ಮಗು 10 ತಿಂಗಳಿಗೇ ನಡೆಯಿತು. ನನ್ನ ಮಗುವಿಗೆ 13 ತಿಂಗಳು, ಇನ್ನೂ ನಡೆದಿಲ್ಲ. ಏನಾದರೂ ತೊಂದರೆ ಇರಬಹುದಾ?

ನನ್ನ ಮಗಳು ನಡೆದದ್ದು 15 ತಿಂಗಳಿಗೆ. ಅಲ್ಲಿಯವರೆಗೆ ನಾನು ಪಟ್ಟ ಸಂಕಟ ನನಗೇ ಗೊತ್ತು. ಆಗ ಯಾರಾದರೂ ಮುಂದಿನ ಅಂಕಿಗಳನ್ನು ತೋರಿಸಿದ್ದರೆ ಎಷ್ಟೋ ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದೆ.

ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದ 816 ಆರೋಗ್ಯವಂತ ಮಕ್ಕಳ ಬೆಳವಣಿಗೆಯನ್ನು ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಆಧಾರವಿಲ್ಲದೆ ಕೂರುವುದು 3.8 ತಿಂಗಳಿಂದ 9.2 ತಿಂಗಳ ನಡುವೆ, ಅಂಬೆಗಾಲಿಡುವುದು 5.2ರಿಂದ 13.5ರ ನಡುವೆ, ಯಾರನ್ನೂ ಹಿಡಿಯದೆ ನಿಲ್ಲುವುದು 6.9ರಿಂದ 16.9ರ ನಡುವೆ, ಸ್ವತಂತ್ರವಾಗಿ ನಡೆಯುವುದು 8.2ರಿಂದ 17.6ರ ನಡುವೆ. ಅಂದರೆ 9 ತಿಂಗಳಿಗೆ ನಡೆದ ಮಗುವೂ ಸರಿ, 17 ತಿಂಗಳಿಗೆ ನಡೆದ ಮಗುವೂ ಸರಿ. ಸುಮಾರು 12 ತಿಂಗಳು ಎಂದು ಎಲ್ಲರ ಬಾಯಲ್ಲೂ ಬರುವುದು ಬರೀ ಸರಾಸರಿ. ಸರಾಸರಿ ಎಂದ ಮೇಲೆ ಅದಕ್ಕಿಂತ ಹಿಂದೆ ಇರುವವರೂ ಮುಂದೆ ಇರುವವರೂ ಇದ್ದೇ ಇರುತ್ತಾರೆ.

ಆದರೆ 18 ತಿಂಗಳಾದರೂ ನಡೆಯದಿದ್ದರೆ ಕಾಯಬೇಡಿ. ಮಗು ಒಂದು ಕಡೆಯ ಕೈಕಾಲನ್ನು ಮಾತ್ರ ಬಳಸುತ್ತಿದ್ದರೆ, ಮೈ ತೀರಾ ಸಡಿಲ ಅಥವಾ ತೀರಾ ಬಿಗಿ ಅನಿಸಿದರೆ, ತಿಂಗಳ ಲೆಕ್ಕ ಪಕ್ಕಕ್ಕಿಟ್ಟು ಇವತ್ತೇ ತೋರಿಸಿ.

ಅಂಬೆಗಾಲಿಡದೆ ನೇರವಾಗಿ ಎದ್ದು ನಿಂತಿತು. ಪರವಾಗಿಲ್ಲವಾ?

ಪರವಾಗಿಲ್ಲ. ಅದೇ ಅಧ್ಯಯನದಲ್ಲಿ ನೂರಕ್ಕೆ ಸುಮಾರು 4 ಮಕ್ಕಳು ಅಂಬೆಗಾಲಿಡಲೇ ಇಲ್ಲ. ಕೆಲವು ಮಕ್ಕಳು ಹೊಟ್ಟೆಯ ಮೇಲೆ ತೆವಳುತ್ತವೆ, ಕೆಲವು ಕೂತಲ್ಲಿಂದಲೇ ಸರಿಯುತ್ತವೆ. ನನ್ನ ಮಗ ಉರುಳಿಕೊಂಡೇ ಇಡೀ ಕೋಣೆ ದಾಟುತ್ತಿದ್ದ.

ನನ್ನ ಮಗು ಎರಡು ತಿಂಗಳು ಮುಂಚೆ ಹುಟ್ಟಿದ್ದು. ವಯಸ್ಸನ್ನು ಹೇಗೆ ಲೆಕ್ಕ ಹಾಕಬೇಕು?

ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಿದ್ದ ದಿನದಿಂದ. ಎರಡು ತಿಂಗಳು ಮುಂಚೆ ಹುಟ್ಟಿದ, ಈಗ 8 ತಿಂಗಳಾಗಿರುವ ಮಗುವನ್ನು 6 ತಿಂಗಳ ಮಗುವಿನ ಜೊತೆ ಹೋಲಿಸಬೇಕು. ಬೆಳವಣಿಗೆ ನೋಡುವಾಗ ವೈದ್ಯರು ಸಾಮಾನ್ಯವಾಗಿ ಎರಡು ವರ್ಷದವರೆಗೂ ಹೀಗೇ ಎಣಿಸುತ್ತಾರೆ. ಲಸಿಕೆ ಮಾತ್ರ ಬೇರೆ, ಅದನ್ನು ಹುಟ್ಟಿದ ದಿನದ ಲೆಕ್ಕದಲ್ಲೇ ಹಾಕಿಸಬೇಕು. ಇವೆರಡನ್ನೂ ಕಲಸಿಕೊಂಡು ಗಾಬರಿಯಾಗುವ ತಾಯಂದಿರು ತುಂಬಾ ಜನ.

ವಾಕರ್‌ನಲ್ಲಿ ಕೂರಿಸಿದರೆ ಬೇಗ ನಡೆಯುತ್ತದೆಯಾ?

ಇಲ್ಲ. ಚಕ್ರದ ವಾಕರ್ ನಡಿಗೆ ಕಲಿಸುವುದಿಲ್ಲ, ಮೆಟ್ಟಿಲಿನಿಂದ ಉರುಳುವ, ಬಿಸಿ ಪಾತ್ರೆಗೆ ಕೈಚಾಚುವ ಅಪಾಯ ತರುತ್ತದೆ. ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಬರಿಗಾಲಲ್ಲಿ ನೆಲದ ಮೇಲೆ ಬಿಡಿ. ಎದ್ದು, ಬಿದ್ದು, ಮತ್ತೆ ಎದ್ದು ಕಲಿಯುವುದೇ ಸರಿಯಾದ ದಾರಿ.

ಒಂದು ತಿಂಗಳ ಮಗು ನಿದ್ದೆಯಲ್ಲಿ ನಗುತ್ತದೆ. ಅದು ನನ್ನನ್ನು ನೋಡಿ ನಗುತ್ತಿಲ್ಲ ಅನ್ನುತ್ತಾರೆ. ನಿಜವಾ?

ನಿದ್ದೆಯ ನಗು ಮೈಯ ಸಹಜ ಪ್ರತಿಕ್ರಿಯೆ. ನಿಮ್ಮ ಮುಖ ನೋಡಿ, ಕಣ್ಣಲ್ಲಿ ಕಣ್ಣಿಟ್ಟು ನಗುವ ನಗು ಸಾಮಾನ್ಯವಾಗಿ 6ರಿಂದ 8 ವಾರಕ್ಕೆ ಬರುತ್ತದೆ. ಅದು ಬಂದಾಗ ಯಾರೂ ನಿಮಗೆ ಹೇಳಬೇಕಾಗಿಲ್ಲ.

ಆದರೆ ಮಗು ನಿಮ್ಮನ್ನು ಗುರುತಿಸಲು ಶುರುಮಾಡುವುದು ಆ ನಗುವಿನಿಂದಲ್ಲ. ಹುಟ್ಟಿದ ಮಗುವಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ ಮಾತ್ರ. ಎದೆಗೆ ಹಾಕಿಕೊಂಡು ಹಾಲು ಕುಡಿಸುವಾಗ ನಿಮ್ಮ ಮುಖ ಇರುವುದೂ ಸುಮಾರು ಅಷ್ಟೇ ದೂರದಲ್ಲಿ. ಇನ್ನು ದನಿಯಂತೂ ಹೊಟ್ಟೆಯಲ್ಲಿದ್ದಾಗಿನಿಂದಲೇ ಪರಿಚಯ. 1980ರಲ್ಲಿ ಆಂಥೊನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಎಂಬ ಸಂಶೋಧಕರು, ಹುಟ್ಟಿ ಮೂರು ದಿನವೂ ತುಂಬದ ಶಿಶುಗಳ ಬಾಯಿಗೆ ರಬ್ಬರ್ ಚೀಪು ಕೊಟ್ಟು, ಒಂದು ರೀತಿಯಲ್ಲಿ ಚೀಪಿದರೆ ಅಮ್ಮನ ದನಿ, ಇನ್ನೊಂದು ರೀತಿಯಲ್ಲಿ ಚೀಪಿದರೆ ಬೇರೆ ಹೆಂಗಸಿನ ದನಿ ಕೇಳುವಂತೆ ಮಾಡಿದರು. ಶಿಶುಗಳು ಅಮ್ಮನ ದನಿ ಬರುವ ಹಾಗೆ ಚೀಪಿದವು. ಇದನ್ನು ಓದಿದ ದಿನ ನಾನು ಅತ್ತಿದ್ದೆ. ಮೊದಲ ವಾರಗಳಲ್ಲಿ, ಇವಳಿಗೆ ನಾನು ಯಾರೆಂದೇ ಗೊತ್ತಿಲ್ಲ ಅಂದುಕೊಂಡು ಹಾಲು ಕುಡಿಸುತ್ತಿದ್ದೆನಲ್ಲ, ಅದು ನೆನಪಾಗಿತ್ತು.

ಸಂಜೆಯಾದರೆ ಸಾಕು, ಮಗು ರಚ್ಚೆ ಹಿಡಿದು ಅಳುತ್ತದೆ. ಹಾಲು ಕುಡಿಸಿದೆ, ಬಟ್ಟೆ ಬದಲಿಸಿದೆ, ಎತ್ತಿಕೊಂಡೆ. ನಾನೇ ಏನೋ ತಪ್ಪು ಮಾಡುತ್ತಿದ್ದೇನಾ?

ಇಲ್ಲ, ನೀವು ತಪ್ಪು ಮಾಡುತ್ತಿಲ್ಲ. ನಾನು ಅತಿ ಹೆಚ್ಚು ಸಲ ಉತ್ತರಿಸಿರುವ ಪ್ರಶ್ನೆ ಇದು, ಬಿಡಿಸಿ ಹೇಳುತ್ತೇನೆ.

ಅಮೆರಿಕದ ಮಕ್ಕಳ ವೈದ್ಯ ಟಿ. ಬೆರ್ರಿ ಬ್ರೇಜಲ್ಟನ್ ತಾಯಂದಿರಿಂದ ದಿನದಿನದ ಅಳುವಿನ ಲೆಕ್ಕ ಬರೆಸಿ 1962ರಲ್ಲಿ ಪ್ರಕಟಿಸಿದರು. ಆರೋಗ್ಯವಾಗಿರುವ ಶಿಶುಗಳಲ್ಲೂ ಎರಡನೇ ವಾರದಿಂದ ಅಳು ಏರುತ್ತಾ ಹೋಗಿ, 6ನೇ ವಾರದ ಹೊತ್ತಿಗೆ ದಿನಕ್ಕೆ ಎರಡೂಮುಕ್ಕಾಲು ಗಂಟೆಯಷ್ಟಾಗಿ, ಆಮೇಲೆ ಇಳಿಯುತ್ತದೆ. ಆ ಅಳು ಹೆಚ್ಚಾಗಿ ಸಂಜೆಗೇ ಬರುತ್ತದೆ. 3-4 ತಿಂಗಳಿಗೆ ಬಹುತೇಕ ಮಕ್ಕಳಲ್ಲಿ ತಗ್ಗಿಬಿಡುತ್ತದೆ. ಹಾಗಾಗಿ 6 ವಾರದ ಮಗುವಿನ ತಾಯಿ ನನ್ನೆದುರು ಕೂತು ಅತ್ತರೆ ನಾನು ಹೇಳುವುದು ಒಂದೇ ಮಾತು, ನೀನೀಗ ಏರಿನ ತುದಿಯಲ್ಲಿದ್ದೀಯ, ಇನ್ನು ಮುಂದೆ ಇಳಿಜಾರು.

ಎತ್ತಿಕೊಂಡು ನಡೆದಾಡಿ, ಮೆಲ್ಲಗೆ ತೂಗಿ, ದೀಪ ತಗ್ಗಿಸಿ, ಒಂದೇ ಹದದಲ್ಲಿ ಜೋಗುಳ ಹಾಡಿ. ಎತ್ತಿಕೊಂಡರೆ ಅಭ್ಯಾಸವಾಗಿಬಿಡುತ್ತದೆ ಅಂತ ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ. ಆ ವಯಸ್ಸಿನಲ್ಲಿ ಮುದ್ದಿನಿಂದ ಕೆಟ್ಟ ಮಗು ಇಲ್ಲ. ಏನು ಮಾಡಿದರೂ ನಿಲ್ಲದೆ ನಿಮ್ಮ ತಾಳ್ಮೆ ಕಟ್ಟೆಯೊಡೆಯುವಂತಾದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲಾಚೆ ಹೋಗಿ ಐದು ನಿಮಿಷ ಉಸಿರಾಡಿ ಬನ್ನಿ. ಅದು ಮಗುವನ್ನು ಕಾಪಾಡುವ ಕೆಲಸವೇ. ಸಿಟ್ಟಿನಲ್ಲಿ ಮಗುವನ್ನು ಅಲ್ಲಾಡಿಸುವುದು ಮಾತ್ರ ಎಂದಿಗೂ ಬೇಡ, ಕೆಲವೇ ಕ್ಷಣದಲ್ಲಿ ಮೆದುಳಿಗೆ ಪ್ರಾಣಾಂತಿಕ ಪೆಟ್ಟಾಗುತ್ತದೆ.

ಅಳುವಿನ ಜೊತೆ ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ ಕಂಡರೆ, ಹಾಲೇ ಬೇಡವೆಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ.

ಹಾಲು ಸಾಕಾಗುತ್ತಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ಒದ್ದೆ ಬಟ್ಟೆ ಎಣಿಸಿ. ಒಂದು ವಾರ ತುಂಬುವ ಹೊತ್ತಿಗೆ ದಿನಕ್ಕೆ ಆರು ಅಥವಾ ಹೆಚ್ಚು ಸಲ ಚೆನ್ನಾಗಿ ಒದ್ದೆಯಾಗುತ್ತಿದ್ದರೆ, ತೂಕ ಏರುತ್ತಿದ್ದರೆ, ಸಾಕಾಗುತ್ತಿದೆ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಹುಟ್ಟುತೂಕಕ್ಕೆ ಮರಳಬೇಕು. ಸುಮಾರು 5 ತಿಂಗಳಿಗೆ ಅದು ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುತ್ತದೆ. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ಆಮೇಲೆ ಮೆತ್ತಗಿನ ಊಟದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲು ಮುಂದುವರಿಸಬಹುದು. ಜೇನುತುಪ್ಪವನ್ನು ಮಾತ್ರ ವರ್ಷ ತುಂಬುವವರೆಗೆ ನಾಲಿಗೆಗೂ ಮುಟ್ಟಿಸಬೇಡಿ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಶಿಶುವಿನ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ಗಂಭೀರ ಕಾಯಿಲೆ ತರಬಲ್ಲದು.

ಎದೆಹಾಲು ಸಾಲದೆ ಅಥವಾ ಬೇರೆ ಕಾರಣಕ್ಕೆ ಬಾಟಲಿ ಹಿಡಿದ ತಾಯಂದಿರಿಗೆ ಒಂದು ಮಾತು. ನೀವು ಸೋತಿಲ್ಲ. ಮಡಿಲು ಅದೇ, ಮುಖ ಅದೇ, ದನಿಯೂ ಅದೇ.

ಎಷ್ಟು ಹೊತ್ತು ಮಲಗಬೇಕು?

ದಿನವಿಡೀ ಸೇರಿಸಿ ಮೊದಲ ಮೂರು ತಿಂಗಳು 14ರಿಂದ 17 ಗಂಟೆ, 4ರಿಂದ 11 ತಿಂಗಳಲ್ಲಿ 12ರಿಂದ 16, ಒಂದೆರಡು ವರ್ಷದವರಿಗೆ 11ರಿಂದ 14, ಮೂರು ನಾಲ್ಕು ವರ್ಷದವರಿಗೆ 10ರಿಂದ 13. ವರ್ಷ ತುಂಬುವವರೆಗೆ ಪ್ರತಿ ಸಲವೂ ಅಂಗಾತವೇ ಮಲಗಿಸಿ, ಗಟ್ಟಿ ಹಾಸಿಗೆ, ದಿಂಬಿಲ್ಲ. ಬೋರಲು ಮಲಗಿಸುವುದು ಎಚ್ಚರವಿದ್ದಾಗ, ನೀವು ಎದುರಿಗಿದ್ದಾಗ. ಕತ್ತು ನಿಲ್ಲಲು, ಹೆಗಲು ಬಲಿಯಲು ಅದು ಬೇಕು.

ನಾನು ಬಚ್ಚಲಿಗೆ ಹೋದರೂ ಅಳುತ್ತದೆ. ಮೊದಲು ಎಲ್ಲರ ಕೈಗೂ ಹೋಗುತ್ತಿದ್ದ ಮಗು ಈಗ ಅಜ್ಜಿಯನ್ನು ಕಂಡರೂ ಮುಖ ಮುಚ್ಚಿಕೊಳ್ಳುತ್ತದೆ. ಯಾಕೆ ಹೀಗಾಯಿತು?

ಮಗು ಬೆಳೆದಿದೆ, ಅದಕ್ಕೇ. 8-9 ತಿಂಗಳ ಹೊತ್ತಿಗೆ, ಕಣ್ಣಿಗೆ ಕಾಣದ್ದೂ ಎಲ್ಲೋ ಇದೆ ಎಂಬುದು ಮಗುವಿಗೆ ಅರ್ಥವಾಗತೊಡಗುತ್ತದೆ. ಬಟ್ಟೆಯಡಿ ಬಚ್ಚಿಟ್ಟ ಆಟಿಕೆಯನ್ನು ಹುಡುಕುವುದೂ ಆಗಲೇ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತನ್ನ ಮಕ್ಕಳನ್ನೇ ನೋಡುತ್ತಾ ಇದನ್ನು ಗುರುತಿಸಿದ. ನೀವು ಬಾಗಿಲಾಚೆ ಹೋದರೂ ಇದ್ದೀರಿ ಅಂತ ಗೊತ್ತು, ಯಾವಾಗ ಬರುತ್ತೀರಿ ಅಂತ ಗೊತ್ತಿಲ್ಲ. ಆ ನಡುವಿನ ಅಳು ಅದು.

ಕದ್ದು ಹೋಗಬೇಡಿ. ಅಳುವುದೆಂಬ ಭಯಕ್ಕೆ ಹಿಂಬಾಗಿಲಿನಿಂದ ಜಾರಿಕೊಂಡರೆ, ಮುಂದಿನ ಸಲ ಮಗು ನಿಮ್ಮ ಸೆರಗನ್ನೇ ಬಿಡುವುದಿಲ್ಲ. "ಹೋಗಿ ಬರ್ತೀನಿ" ಅಂತ ಹೇಳಿ, ಹೋಗಿ, ಹೇಳಿದಂತೆ ಬನ್ನಿ. ಮುಖ ಮುಚ್ಚಿ ತೆರೆಯುವ ಕಣ್ಣಾಮುಚ್ಚಾಲೆಯಾಟ ಇದಕ್ಕೇ ಅಷ್ಟು ಇಷ್ಟ, ಹೋದ ಮುಖ ಮರಳಿ ಬರುತ್ತದೆ ಎಂಬುದನ್ನು ಮಗು ನೂರು ಸಲ ನೋಡಿ ಖಾತ್ರಿ ಮಾಡಿಕೊಳ್ಳುತ್ತದೆ. ಇನ್ನು ಅಜ್ಜಿಗೆ, ಬೇಸರ ಮಾಡಿಕೊಳ್ಳದೆ ಸ್ವಲ್ಪ ದೂರದಲ್ಲಿ ಕೂತು ತಮ್ಮ ಪಾಡಿಗೆ ಆಟಿಕೆ ಹಿಡಿದು ಆಡಲು ಹೇಳಿ. ಮಗು ತಾನೇ ಹತ್ತಿರ ಬರುತ್ತದೆ.

ಮಾತು ಯಾವಾಗ ಬರಬೇಕು? ಮನೆಯಲ್ಲಿ ಎರಡು ಭಾಷೆ ಇದೆ, ಅದರಿಂದ ತಡವಾಗುತ್ತಾ?

ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಪದ ಎಣಿಸುವಾಗ ಎರಡೂ ಭಾಷೆಯದನ್ನು ಕೂಡಿಸಿ ಎಣಿಸಿ. ನಿಮಗೆ ಮುದ್ದು ಮಾಡಲು, ಗದರಲು, ಹಾಡಲು ಸಲೀಸಾಗಿ ಬರುವ ಭಾಷೆ ಯಾವುದೋ ಅದರಲ್ಲೇ ಮಾತಾಡಿ.

ಅ, ಊ ಎಂಬ ಉಲಿ ಎರಡು ಮೂರು ತಿಂಗಳಿಗೆ, ಬಾಬಾ ದಾದಾ ಎಂಬ ತೊದಲು ಸುಮಾರು 6ರಿಂದ 9 ತಿಂಗಳಿಗೆ, ಅರ್ಥವಿಟ್ಟು ಹೇಳುವ ಮೊದಲ ಪದ ವರ್ಷದ ಆಸುಪಾಸಿಗೆ, ಎರಡು ಪದ ಜೋಡಿಸಿ ಹೇಳುವುದು ಎರಡು ವರ್ಷದ ಹೊತ್ತಿಗೆ. ಆದರೆ ಎಲ್ಲರೂ ಮೊದಲ ಪದಕ್ಕೆ ಕಾಯುತ್ತಾರೆ, ಅದಕ್ಕಿಂತ ದೊಡ್ಡದೊಂದು ಘಳಿಗೆ ಸದ್ದಿಲ್ಲದೆ ದಾಟಿಹೋಗುತ್ತದೆ. ವರ್ಷದ ಸುಮಾರಿಗೆ ಮಗು ಬೆರಳು ತೋರಿಸಲು ಶುರುಮಾಡುತ್ತದೆ. ಹಕ್ಕಿಯ ಕಡೆ ಬೆರಳು ಮಾಡಿ, ತಿರುಗಿ ನಿಮ್ಮ ಮುಖ ನೋಡುತ್ತದೆ. ಅದಕ್ಕೆ ಹಕ್ಕಿ ಬೇಕಿಲ್ಲ, ತಾನು ಕಂಡದ್ದನ್ನು ನೀವೂ ಕಾಣಬೇಕು. ಮಾತಿನ ಬೇರು ಅಲ್ಲಿದೆ. ಬೆರಳು ಹೋದ ಕಡೆ ನೋಡಿ, "ಹೌದು, ಹಕ್ಕಿ! ಹಾರಿ ಹೋಯ್ತು!" ಅನ್ನಿ, ಅಷ್ಟೇ ಸಾಕು.

ಸ್ನಾನ ಮಾಡಿಸುತ್ತಾ, ಬಟ್ಟೆ ಮಡಚುತ್ತಾ ನಾನು ಮಾಡುವ ಕೆಲಸವನ್ನೆಲ್ಲ ಮಗಳಿಗೆ ಹೇಳುತ್ತಿದ್ದೆ. ಹೇಳಿ ಸ್ವಲ್ಪ ನಿಲ್ಲಿಸುತ್ತಿದ್ದೆ, ಅವಳ ಸರದಿ. ಮೊದಮೊದಲು ಬರೀ ಕಾಲು ಬಡಿಯುತ್ತಿದ್ದಳು. ಆಮೇಲೆ ಸದ್ದು ಬಂತು. ಆಮೇಲೆ ಪದ.

ಯಾವಾಗ ಕಾಯಬಾರದು? ವರ್ಷವಾದರೂ ತೊದಲು, ಬೆರಳು ತೋರಿಸುವುದು, ಕೈ ಬೀಸುವುದು ಯಾವುದೂ ಇಲ್ಲದಿದ್ದರೆ. 16 ತಿಂಗಳಿಗೆ ಒಂದೂ ಪದವಿಲ್ಲದಿದ್ದರೆ. ಎರಡು ವರ್ಷಕ್ಕೆ ಎರಡು ಪದ ಕೂಡಿಸದಿದ್ದರೆ. ಹೆಸರು ಕೂಗಿದರೆ ತಿರುಗದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮುಖ್ಯವಾಗಿ, ಬಂದಿದ್ದ ಮಾತು, ಬಂದಿದ್ದ ನಗು, ಕಲಿತಿದ್ದ ಆಟ ಯಾವ ವಯಸ್ಸಿನಲ್ಲೇ ಆಗಲಿ ಮರೆಯಾದರೆ ಅವತ್ತೇ ವೈದ್ಯರಿಗೆ ಹೇಳಿ. "ಅವರಪ್ಪನಿಗೂ ತಡವಾಗಿಯೇ ಮಾತು ಬಂದಿದ್ದು" ಎಂದು ಮನೆಯಲ್ಲಿ ಸಮಾಧಾನ ಹೇಳುತ್ತಾರೆ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಹೋಗಿ. ತೋರಿಸಿದ ಮೇಲೆ ಏನೂ ಇಲ್ಲ ಅಂತಾದರೆ ಕಳೆದುಕೊಂಡದ್ದೇನಿಲ್ಲ, ಏನಾದರೂ ಇದ್ದರೆ ಬೇಗ ಸಿಕ್ಕ ನೆರವು ಹೆಚ್ಚು ಫಲ ಕೊಡುತ್ತದೆ.

ಒಂದೊಂದು ಪಟ್ಟಿಯಲ್ಲಿ ಒಂದೊಂದು ತಿಂಗಳು ಬರೆದಿದೆ. ಯಾವುದನ್ನು ನಂಬುವುದು?

ಪಟ್ಟಿ ಏನನ್ನು ಹೇಳುತ್ತಿದೆ ಎಂದು ನೋಡಿ. ಕೆಲವು ಪಟ್ಟಿಗಳಲ್ಲಿ ಅರ್ಧದಷ್ಟು ಮಕ್ಕಳು ಮಾಡುವ ವಯಸ್ಸು ಇರುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2022ರಲ್ಲಿ ತನ್ನ ಪಟ್ಟಿಯನ್ನು ತಿದ್ದಿ, ನೂರಕ್ಕೆ 75 ಅಥವಾ ಹೆಚ್ಚು ಮಕ್ಕಳು ಮಾಡುವ ವಯಸ್ಸನ್ನು ಹಾಕಿತು. ಅದಕ್ಕೇ ತಿಂಗಳುಗಳು ಹೊಂದುವುದಿಲ್ಲ. ಒಂದೇ ಪಟ್ಟಿ ಇಟ್ಟುಕೊಳ್ಳಿ, ಲಸಿಕೆಗೆ ಹೋದಾಗ ವೈದ್ಯರ ಜೊತೆ ಕೂತು ನೋಡಿ.

ಎರಡು ವರ್ಷದವನು ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ಹೊಡೆಯದೆ ಹೇಗೆ ಸಂಭಾಳಿಸುವುದು?

ಮೊನ್ನೆ ನನ್ನ ಮಗ ಅರ್ಧ ಗಂಟೆ ಅತ್ತ. ಕಾರಣ, ಅವನ ಚಪ್ಪಲಿಯನ್ನು ನಾನು ಹಾಕಿಬಿಟ್ಟೆ, ಅವನೇ ಹಾಕಿಕೊಳ್ಳಬೇಕಿತ್ತು. ಚಪ್ಪಲಿ ಬಿಚ್ಚಿ ಕೊಟ್ಟರೂ ಆಗಲಿಲ್ಲ, ಯಾಕೆಂದರೆ ಹೊತ್ತು ಮೀರಿತ್ತು.

ಒಂದೂವರೆ ವರ್ಷದಿಂದ ಮೂರು ವರ್ಷದವರೆಗೆ "ನಾನೇ" ಅನ್ನುವ ಆಸೆ ದೊಡ್ಡದು, ಅದನ್ನು ಹೇಳುವ ಮಾತು ಚಿಕ್ಕದು, ಸಿಟ್ಟನ್ನು ತಡೆದುಕೊಳ್ಳುವ ಮೆದುಳಿನ ಮುಂಭಾಗ ಇನ್ನೂ ಎಳೆಯದು. ಅದು ಪೂರ್ತಿ ಬಲಿಯುವುದು ಇಪ್ಪತ್ತರ ಹರೆಯದಲ್ಲಿ. ಮಗು ಹಠ ಮಾಡುತ್ತಿರುವಾಗ ಬುದ್ಧಿಮಾತು ಕಿವಿಗೆ ಇಳಿಯುವುದಿಲ್ಲ. ಪೆಟ್ಟಾಗದಂತೆ ನೋಡಿಕೊಂಡು ಹತ್ತಿರ ಕೂತಿರಿ. "ನೀನೇ ಹಾಕ್ಕೋಬೇಕಿತ್ತು, ಸಿಟ್ಟು ಬಂತಲ್ವಾ" ಎಂದು ಅದರ ಸಂಕಟಕ್ಕೆ ಹೆಸರು ಕೊಡಿ. ಆಗದು ಎಂದದ್ದನ್ನು ಅಳುವಿಗೆ ಬಾಗಿ ಕೊಡಬೇಡಿ. ಹಸಿವು, ನಿದ್ದೆ, ದಣಿವು, ಹಠದ ಹಿಂದೆ ಈ ಮೂರರಲ್ಲಿ ಒಂದು ಇದ್ದೇ ಇರುತ್ತದೆ ಎಂಬುದು ನನ್ನ ಅನುಭವ.

ಹೊಡೆದರೆ ಆ ಕ್ಷಣಕ್ಕೆ ಸುಮ್ಮನಾಗಬಹುದು. ಮಗು ಕಲಿಯುವುದು ಮಾತ್ರ, ಸಿಟ್ಟು ಬಂದಾಗ ದೊಡ್ಡವರು ಹೊಡೆಯುತ್ತಾರೆ ಎಂಬುದನ್ನು. ನಾನೂ ಒಮ್ಮೆ ಕೈ ಎತ್ತಿದ್ದೇನೆ. ಆಮೇಲೆ ಮಗಳ ಎದುರು ಮಂಡಿಯೂರಿ ಕೂತು "ಅಮ್ಮ ತಪ್ಪು ಮಾಡಿದೆ" ಅಂದೆ. ತಾಯಿ ಮಗುವಿನ ಕ್ಷಮೆ ಕೇಳಿದರೆ ಮರ್ಯಾದೆ ಹೋಗುವುದಿಲ್ಲ.

ಮೊಬೈಲ್ ತೋರಿಸಿದರೆ ಮಾತ್ರ ಊಟ. ಬಿಡಿಸುವುದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಎರಡು ವರ್ಷ ತುಂಬುವವರೆಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ದೂರದಲ್ಲಿರುವ ಅಪ್ಪನ ಜೊತೆ ವಿಡಿಯೊ ಕರೆಯಲ್ಲಿ ಮಾತಾಡುವುದನ್ನು ನಾನು ಇದಕ್ಕೆ ಸೇರಿಸುವುದಿಲ್ಲ, ಅಲ್ಲಿ ಮಾತಿಗೆ ಮಾತು ಮರಳಿ ಬರುತ್ತದೆ. ಊಟದ ಹೊತ್ತಿಗೆ ಮೊಬೈಲ್ ಬೇರೆ ಕೋಣೆಯಲ್ಲಿರಲಿ, ನಿಮ್ಮದೂ ಕೂಡ. ಮೊದಲ ಕೆಲವು ದಿನ ಕಡಿಮೆ ತಿನ್ನುತ್ತದೆ, ಅಳುತ್ತದೆ. ಹಸಿವು ತನ್ನ ಕೆಲಸ ಮಾಡುತ್ತದೆ, ಕೈಯಲ್ಲಿ ಕಲಸಿ ಚೆಲ್ಲಿ ತಿನ್ನಲು ಬಿಡಿ.

ಮೂರು ವರ್ಷವಾದರೂ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾಳೆ.

ಮಾಡಲಿ. ಹಗಲಿನ ಹಿಡಿತ ಮೊದಲು ಬರುತ್ತದೆ, ರಾತ್ರಿಯದು ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಳ ನಂತರ. 5 ವರ್ಷದ ಮಕ್ಕಳಲ್ಲೂ ನೂರಕ್ಕೆ ಸುಮಾರು 15 ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ. ಬೈಯಬೇಡಿ, ಬಂದವರ ಎದುರು ಹೇಳಬೇಡಿ.

ಎಲ್ಲರೂ ಅದೃಷ್ಟವಂತೆ ಅನ್ನುತ್ತಾರೆ. ನನಗೆ ಯಾವ ಖುಷಿಯೂ ಆಗುತ್ತಿಲ್ಲ. ಮಗುವನ್ನು ನೋಡಿದರೂ ಏನೂ ಅನಿಸುವುದಿಲ್ಲ.

ಇದನ್ನು ಬಾಯಿಬಿಟ್ಟು ಕೇಳಿದ್ದಕ್ಕೆ ನಿಮ್ಮ ಕೈ ಹಿಡಿದುಕೊಳ್ಳಬೇಕು ಅನಿಸುತ್ತದೆ. ಹೆರಿಗೆಯಾದ ಮೊದಲೆರಡು ವಾರ ಕಾರಣವಿಲ್ಲದೆ ಅಳು ಬರುವುದು ತುಂಬಾ ಸಾಮಾನ್ಯ. ಎರಡು ವಾರ ದಾಟಿಯೂ ಮನಸ್ಸು ಕುಸಿದೇ ಇದ್ದರೆ, ಮಗು ಮಲಗಿದಾಗಲೂ ನಿಮಗೆ ನಿದ್ದೆ ಬರದಿದ್ದರೆ, ನಾನು ಕೆಟ್ಟ ತಾಯಿ ಎಂಬ ಯೋಚನೆ ಸುತ್ತಿಕೊಂಡರೆ ಅದು ಹೆರಿಗೆಯ ನಂತರದ ಖಿನ್ನತೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೆರಿಗೆಯಾದ ನೂರು ತಾಯಂದಿರಲ್ಲಿ ಸುಮಾರು 13 ಮಂದಿ ಮಾನಸಿಕ ತೊಂದರೆ ಅನುಭವಿಸುತ್ತಾರೆ, ಹೆಚ್ಚಾಗಿ ಖಿನ್ನತೆ. ಅದು ಕಾಯಿಲೆ, ನಿಮ್ಮ ಗುಣವಲ್ಲ, ವಾಸಿಯಾಗುತ್ತದೆ. 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಇರುವುದು 10 ಪ್ರಶ್ನೆ ಮಾತ್ರ, ವೈದ್ಯರು ಅದರಿಂದಲೇ ಶುರುಮಾಡಬಹುದು. ಹಾಲು ಕುಡಿಸುವಾಗ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ.

ನಿಮಗೆ ಅಥವಾ ಮಗುವಿಗೆ ಏನಾದರೂ ಮಾಡಿಕೊಂಡುಬಿಡುತ್ತೇನೆ ಎಂಬ ಯೋಚನೆ ಬಂದರೆ ಒಬ್ಬರೇ ಇರಬೇಡಿ. ಮನೆಯವರನ್ನು ಈಗಲೇ ಕರೆದು, ಆಸ್ಪತ್ರೆಗೆ ಹೋಗಿ.

ಮೊದಲ ಹೆಜ್ಜೆ ಇಟ್ಟಾಗ ನಾನು ಕೆಲಸದಲ್ಲಿದ್ದೆ. ನೋಡಿಕೊಳ್ಳುವವರು ಫೋನ್ ಮಾಡಿ ಹೇಳಿದರು. ಆ ದಿನವನ್ನು ಕಳೆದುಕೊಂಡೆ ಅನಿಸುತ್ತದೆ.

ನನ್ನ ಮಗನ ಮೊದಲ ಹೆಜ್ಜೆಯನ್ನೂ ನಾನು ನೋಡಿಲ್ಲ. ಅವತ್ತು ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅವನು ಗೋಡೆ ಬಿಟ್ಟು ಮೂರು ಹೆಜ್ಜೆ ಹಾಕಿ ನನ್ನ ಮೊಣಕಾಲು ಹಿಡಿದ. ನನ್ನ ಪುಸ್ತಕದಲ್ಲಿ ಅವನ ಮೊದಲ ಹೆಜ್ಜೆ ಎಂದು ಬರೆದಿರುವುದು ಅದನ್ನೇ. ಅವನು ನನ್ನ ಕಡೆಗೆ ಇಟ್ಟ ಮೊದಲ ಹೆಜ್ಜೆ ಅದು.

ಏನೇನು ಬರೆದಿಡಬೇಕು?

ತೂಕ, ಎತ್ತರ, ಲಸಿಕೆಯನ್ನು ವೈದ್ಯರ ಪುಸ್ತಕದಲ್ಲಿ ಬರೆಸಿ. ನಿಮ್ಮದರಲ್ಲಿ ಬೇರೆ ಬರೆಯಿರಿ. ಯಾವ ಪದವನ್ನು ತಪ್ಪಾಗಿ ಹೇಳುತ್ತಿತ್ತು, ನಿದ್ದೆಗೆ ಮುಂಚೆ ನಿಮ್ಮ ಕಿವಿಯನ್ನು ಹೇಗೆ ಹಿಡಿಯುತ್ತಿತ್ತು, ಮಳೆ ಕಂಡು ಏನಂದಿತು. ಹಲ್ಲು ಬಂದ ತಾರೀಖು ನನಗೆ ನೆನಪಿಲ್ಲ, ನೆನಪಿಲ್ಲದಿರುವುದಕ್ಕೆ ಬೇಸರವೂ ಇಲ್ಲ. ಮಗಳು ಚಂದ್ರನನ್ನು ನೋಡಿ "ದೀಪ ಆರಿಸು" ಅಂದದ್ದನ್ನು ಬರೆದಿಡದೆ ಹೋಗಿದ್ದರೆ ಬೇಸರವಾಗುತ್ತಿತ್ತು.

ಇಷ್ಟೆಲ್ಲ ಮಾಡುತ್ತೇವೆ. ಮಕ್ಕಳಿಗೆ ಇದೆಲ್ಲ ನೆನಪಿರುತ್ತದಾ?

ದೊಡ್ಡವರನ್ನು ಕೇಳಿದರೆ ಹೆಚ್ಚಿನವರ ಮೊದಲ ನೆನಪು ಮೂರು, ಮೂರೂವರೆ ವರ್ಷದ್ದು. ಅದಕ್ಕಿಂತ ಹಿಂದಿನದು ಅಳಿಸಿರುತ್ತದೆ. ಆದರೆ ಅದು ಒಂದೇ ಸಲ ಅಳಿಸುವುದಿಲ್ಲ. ಮೂರು ವರ್ಷದಲ್ಲಿ ನಡೆದದ್ದನ್ನು ಮಕ್ಕಳಿಗೆ ಮುಂದೆ ಕೇಳಿ ನೋಡಿದ ಪೆಟ್ರೀಶಿಯಾ ಬಾವರ್ ಮತ್ತು ಮರೀನಾ ಲಾರ್ಕಿನಾ ಎಂಬ ಸಂಶೋಧಕರು, 5ರಿಂದ 7 ವರ್ಷದ ಮಕ್ಕಳಿಗೆ ಅರ್ಧಕ್ಕಿಂತ ಹೆಚ್ಚು ನೆನಪಿರುತ್ತದೆ, 8-9ಕ್ಕೆ ಬಹಳ ಕುಗ್ಗುತ್ತದೆ ಎಂದು ಕಂಡರು. ತಾಯಿ ಮಗುವಿನ ಜೊತೆ ಹಳೆಯದನ್ನು ಮಾತಾಡುವ ಬಗೆಗೂ ನೆನಪಿಗೂ ನಂಟಿದೆ. "ಆಮೇಲೆ ಏನಾಯ್ತು? ನಿನಗೆ ಹೇಗನ್ನಿಸ್ತು?" ಎಂದು ಕೇಳಿ, ಮಗು ಹೇಳಿದ್ದಕ್ಕೆ ಒಂದೆಳೆ ಸೇರಿಸುವ ತಾಯಂದಿರ ಮಕ್ಕಳಲ್ಲಿ ನೆನಪು ಹೆಚ್ಚು ಉಳಿಯುತ್ತದೆ.

ನನ್ನ ಮಗಳಿಗೆ ಈಗ 7. ಅಳಿಸುವ ವಯಸ್ಸಿನ ಹೊಸ್ತಿಲಲ್ಲಿದ್ದಾಳೆ. ಅದಕ್ಕೇ ಮಲಗುವ ಮುಂಚೆ ಪುಸ್ತಕ ತೆಗೆದು ಒಂದು ಪುಟ ಓದುತ್ತೇನೆ. ನಿನ್ನೆ ಚಂದ್ರನ ಪುಟ ಬಂತು. "ಆಮೇಲೆ ನೀನು ಏನಂದೆ ಅಮ್ಮ?" ಎಂದು ಕೇಳಿದಳು. ನಾನು ಏನಂದಿದ್ದೆ ಎಂಬುದನ್ನು ಬರೆದಿಟ್ಟಿರಲಿಲ್ಲ. ಅವಳೇ ಸ್ವಲ್ಪ ಯೋಚಿಸಿ, "ಸ್ವಿಚ್ಚು ತುಂಬಾ ಮೇಲಿದೆ ಅಂದೆ" ಅಂತ ಹೇಳಿ, ಮಗ್ಗುಲು ಬದಲಿಸಿದಳು.